ಅಂಜೂರದ ಮರಕ್ಕೆ ನೂರೆಂಟು ಸುತ್ತು

ಅಪ್ಪನ ಕಾರು ಬಿಳಿ. ಬಿಳಿ ಕಾರಿನ ಬಾನೆಟ್ಟು ಬೇಗ ಕಾಯುವುದಿಲ್ಲ ಎಂಬುದನ್ನು ಅಜ್ಜಿ ಬಂದ ಮೂರನೆಯ ದಿನವೇ ಕಂಡುಹಿಡಿದಳು. ಕೆಳಗಿನ ಮನೆಯವನ ಕಾರು ಕಪ್ಪು. ಹಾಗಾಗಿ ಅಜ್ಜಿಯ ಅರಳು ಸಂಡಿಗೆ, ಹಳೆಯ ಪಂಚೆಯೊಂದರ ಸಮೇತ, ಅವನ ಕಾರಿನ ಮೇಲೆ ಒಣಗಲು ಕುಳಿತವು. ಮಧ್ಯಾಹ್ನ ಆತ ಪಂಚೆಯ ನಾಲ್ಕು ಮೂಲೆ ಒಟ್ಟು ಹಿಡಿದು ನಮ್ಮ ಬಾಗಿಲು ತಟ್ಟಿದಾಗ ಅಮ್ಮನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಆತನನ್ನು ಒಳಗೆ ಕರೆದು ಕೂರಿಸಿ, ಒಣಗಿದಷ್ಟನ್ನು ಅಲ್ಲೇ ಕರಿದು ತಟ್ಟೆಯಲ್ಲಿಟ್ಟಳು. ಮುಂದಿನ ವಾರದಿಂದ ಆತ ಶನಿವಾರ, ಭಾನುವಾರ ತಾನಾಗಿಯೇ ಕಾರನ್ನು ನೆರಳಿನಿಂದ ಬಿಸಿಲಿಗೆ ತಂದು ನಿಲ್ಲಿಸುತ್ತಿದ್ದ.

ಇದು ಪಾಲೋ ಆಲ್ಟೋದಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ. ನನಗೆ ಒಂಬತ್ತು ವರ್ಷ. ನಾವಿದ್ದದ್ದು ಮಹಡಿಯ ಮೇಲಿನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಅಪ್ಪ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಅಜ್ಜಿ ಅಮ್ಮನ ತಾಯಿ, ಹಾಸನದ ಕಡೆಯವಳು. ಅಮ್ಮ ಮತ್ತೆ ಬಸುರಿ ಎಂದು ತಿಳಿದದ್ದೇ ತಡ, ವಿಮಾನವನ್ನು ದೂರದಿಂದಲೂ ಸರಿಯಾಗಿ ನೋಡಿರದ ಅವಳು ಎರಡು ಕಡೆ ವಿಮಾನ ಬದಲಿಸಿ, ಭಾಷೆ ಬಾರದ ಊರುಗಳಲ್ಲಿ ಕೈಸನ್ನೆಯಲ್ಲೇ ದಾರಿ ಕೇಳಿಕೊಂಡು ಒಬ್ಬಳೇ ಬಂದಿಳಿದಿದ್ದಳು. ಏರ್‌ಪೋರ್ಟಿನಲ್ಲಿ ನಾವು ಅವಳನ್ನು ಹುಡುಕಬೇಕಾಗಲಿಲ್ಲ. ಯಾರದೋ ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅದರ ತಾಯಿಗೆ ಕನ್ನಡದಲ್ಲಿ ಏನೋ ಬುದ್ಧಿ ಹೇಳುತ್ತ ಹೊರಗೆ ಬಂದಳು.

ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಲೇ ಇಲ್ಲ. ಲಾಂಡ್ರಿ ರೂಮಿನ ಮೆಷೀನನ್ನು ಒಂದು ಸಲ ಬಗ್ಗಿ ನೋಡಿ, "ಕೊಳೇನ ಗಿರಗಿರ ತಿರುಗ್ಸುತ್ತೆ ಅಷ್ಟೇ, ತೆಗೆಯಲ್ಲ" ಎಂದು ತೀರ್ಪು ಕೊಟ್ಟು, ನಮ್ಮ ಬಾತ್‌ಟಬ್ಬಿನಲ್ಲಿ ಬಟ್ಟೆ ಬಡಿಯತೊಡಗಿದಳು. ನನ್ನ ಚಾಕ್‌ಪೀಸಿನಿಂದ ಪಾರ್ಕಿಂಗ್ ಲಾಟಿನಲ್ಲಿ ರಂಗೋಲಿ ಬರೆದಳು. ಉಳಿದ ತುಂಡಿನಲ್ಲಿ ಮನೆ ಎಳೆದು, ಸೀರೆ ಎತ್ತಿ ಕಟ್ಟಿ, ನನ್ನ ಜೊತೆ ಕುಂಟೆಬಿಲ್ಲೆ ಆಡಿದಳು. ಅರವತ್ತೈದು ದಾಟಿದವಳು ಒಂಟಿಕಾಲಲ್ಲಿ ಎಂಟೂ ಮನೆ ಹಾರಿ, ಬಿಲ್ಲೆ ಎತ್ತಿಕೊಂಡು ತಿರುಗಿ ನಿಂತು ನನ್ನನ್ನು ಅಣಕಿಸುತ್ತಿದ್ದಳು. ಆಟದಲ್ಲಿ ನಾನು ಮಗು ಎಂಬ ರಿಯಾಯಿತಿ ಯಾವತ್ತೂ ಸಿಗಲಿಲ್ಲ. ಗ್ರೋಸರಿ ಅಂಗಡಿಗೆ ಅವಳು ಮುಂದೆ, ನಾನು ಅವಳ ಹಿಂದೆ ಓಡಿಕೊಂಡು.

"ಅತ್ತೆ, ಇಲ್ಲಿ ಯಾರೂ ಹಾಗೆ ನಡ್ಕೊಂಡು ಹೋಗಲ್ಲ. ಸಂಜೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ," ಎಂದು ಅಪ್ಪ ಎಷ್ಟು ಸಲ ಹೇಳಿದರೋ.

"ಅಳಿಯಂದ್ರು ಆಫೀಸಿಂದ ಬರೋ ಹೊತ್ತಿಗೆ ನಾನು ಹೋಗಿ, ತಂದು, ಅಡುಗೆ ಮಾಡಿ, ಪಾತ್ರೇನೂ ತೊಳ್ದಿರ್ತೀನಿ," ಎಂದು ಅಜ್ಜಿ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಅಳಿಯನ ಮುಖ ನೋಡಿ ಮಾತಾಡುವುದು ಅವಳ ಕ್ರಮವಲ್ಲ.

ಅವಳನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ ಸ್ಕೂಲಿನಿಂದ ಬಂದವಳೇ ಅವಳ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕಿಕೊಂಡು ಮನೆಯೆಲ್ಲ ಅವಳ ಹಿಂದೆ ಸುತ್ತುತ್ತಿದ್ದೆ. ಅವಳು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರಿಸುವುದು. ಅವಳು ಹೇಳಿದ್ದೆಲ್ಲ ನನಗೆ ತಿಳಿಯುತ್ತಿತ್ತು. ನಾನು ಹೇಳಿದ್ದರಲ್ಲಿ ಅವಳಿಗೆ ಎಷ್ಟು ತಿಳಿಯುತ್ತಿತ್ತೋ, ತಲೆ ಮಾತ್ರ ಜೋರಾಗಿ ಆಡಿಸುತ್ತಿದ್ದಳು.

ನನ್ನ ನಂತರ ಅಮ್ಮನಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಮೂರನೆಯ ತಿಂಗಳಲ್ಲೇ ಹೋಗಿತ್ತು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದೆಂದು ಹೇಳಿದ್ದರು. ಮಗು ಉಳಿಯಲಿ ಎಂದು ಅಜ್ಜಿ ಹರಕೆ ಹೊತ್ತಳು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ದಿನಕ್ಕೆ ನೂರೆಂಟರಂತೆ, ಬರಿಗಾಲಿನಲ್ಲಿ ಅರಳಿ ಮರಕ್ಕೆ ಪ್ರದಕ್ಷಿಣೆ. ಹರಕೆ ಹೊತ್ತ ಮೇಲೆ ಗೊತ್ತಾಯಿತು, ಈ ಊರಿನಲ್ಲಿ ಅರಳಿ ಮರವಿಲ್ಲ. ಅಪ್ಪ ಒಂದು ಭಾನುವಾರವಿಡೀ ಮೆನ್ಲೋ ಪಾರ್ಕಿನಿಂದ ಲಾಸ್ ಗ್ಯಾಟೋಸಿನವರೆಗೆ ಅವಳನ್ನು ಕೂರಿಸಿಕೊಂಡು ಬೀದಿ ಬೀದಿ ಸುತ್ತಿದರು. ಓಕು, ರೆಡ್‌ವುಡ್ಡು, ನೀಲಗಿರಿ ಇದ್ದವು, ಅರಳಿಯೊಂದೇ ಇರಲಿಲ್ಲ. ಸಂಜೆ ಸೋತು ಮನೆಗೆ ಬಂದು ಕಾರಿನಿಂದಿಳಿದ ಅಜ್ಜಿ, ನಮ್ಮದೇ ಪಾರ್ಕಿಂಗ್ ಲಾಟಿನಲ್ಲಿ, ಕಸದ ತೊಟ್ಟಿಗಳ ಪಕ್ಕದಲ್ಲಿದ್ದ ಅಂಜೂರದ ಮರದ ಎಲೆಯೊಂದನ್ನು ಚಿವುಟಿ ನೋಡಿದಳು. ತೊಟ್ಟಿನಲ್ಲಿ ಬಿಳಿ ಹಾಲು ಒಸರಿತು.

"ಹಾಲು ಬರುತ್ತೆ. ಅತ್ತಿ, ಅರಳಿ, ಎಲ್ಲ ಒಂದೇ ಕುಲ. ಸಾಕು ಬಿಡು," ಎಂದಳು.

ಬೇಸಿಗೆ ರಜೆ ಶುರುವಾದ ದಿನವೇ ಪ್ರದಕ್ಷಿಣೆಯೂ ಶುರುವಾಯಿತು. ಎಣಿಸುವ ಕೆಲಸ ನನ್ನದು. ಎರಡು ಬಟ್ಟಲು, ಒಂದರಲ್ಲಿ ನೂರೆಂಟು ಕಾಬೂಲಿ ಕಡಲೆ. ಅಜ್ಜಿ ಒಂದು ಸುತ್ತು ಬಂದರೆ ನಾನು ಒಂದು ಕಡಲೆಯನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕಬೇಕು. ಮುಗಿದ ಮೇಲೆ ಅದೇ ಕಡಲೆ ನೆನೆಸಿ ಮರುದಿನಕ್ಕೆ ಉಸಲಿ. ಸ್ನಾನವಾದ ತಕ್ಷಣ, ಬಿಸಿಲೇರುವ ಮೊದಲೇ ಸುತ್ತಬೇಕಾದದ್ದು ಪದ್ಧತಿ. ಆದರೆ ಅಮ್ಮನಿಗೆ ಗಂಜಿ, ಅಪ್ಪನಿಗೆ ಊಟದ ಡಬ್ಬಿ, ನನಗೆ ತಿಂಡಿ, ಬಟ್ಟೆ, ಪಾತ್ರೆ ಎಲ್ಲ ಅವಳ ತಲೆಯ ಮೇಲೇ. ಕೆಳಗಿಳಿಯುವ ಹೊತ್ತಿಗೆ ಹನ್ನೊಂದಾಗುತ್ತಿತ್ತು. ಆ ಹೊತ್ತಿಗೆ ಡಾಂಬರು ಕಾದು ಮೆತ್ತಗಾಗಿರುತ್ತಿತ್ತು. ಒಂದು ದಿನ ನಾನೂ ಚಪ್ಪಲಿ ಬಿಟ್ಟು ಅವಳ ಹಿಂದೆ ಹೊರಟು, ನಾಲ್ಕು ಹೆಜ್ಜೆಗೇ ಕಿರುಚಿ ಮರದ ಬುಡದ ಮಣ್ಣಿಗೆ ಹಾರಿದೆ.

ಅಜ್ಜಿ ನಕ್ಕಳು. "ನಂಗೆ ಬಿಸೀನೇ ತಾಗಲ್ಲ ನೋಡು. ಕೆಂಡದ ಮೇಲೂ ನಡೀತೀನಿ."

ಅಪ್ಪ ಇದನ್ನು ಆಫೀಸಿನವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. ಅಪಾರ್ಟ್‌ಮೆಂಟಿನ ಮ್ಯಾನೇಜರಾಗಿದ್ದ ಮುದುಕಿಯೊಬ್ಬಳು, ಇವಳಿಗೆ ಕೊಳ್ಳಲು ಗತಿಯಿಲ್ಲವೆಂದುಕೊಂಡು ಒಂದು ಜೊತೆ ಕ್ಯಾನ್ವಾಸ್ ಶೂ ತಂದು ಬಾಗಿಲ ಬಳಿ ಇಟ್ಟು ಹೋದಳು. ನಾವು ಅದಕ್ಕೂ ನಕ್ಕೆವು. ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು. ದಿನಕ್ಕೆರಡು ಮಾತ್ರೆ ನುಂಗುತ್ತಿದ್ದಳು, ಅಮ್ಮನ ಕಣ್ಣು ತಪ್ಪಿಸಿ ಕಾಫಿಗೆ ಎರಡು ಚಮಚ ಸಕ್ಕರೆಯನ್ನೂ ಹಾಕಿಕೊಳ್ಳುತ್ತಿದ್ದಳು. ಬಿಸಿ ತಾಗದಿರುವುದೇ ಆ ಕಾಯಿಲೆ, ಕಾಲಿನ ಸ್ಪರ್ಶವೇ ಸತ್ತಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಓದಿದವರ ಮನೆ ನಮ್ಮದು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಇಪ್ಪತ್ತೇಳನೆಯ ದಿನ ಡಾಂಬರಿನ ಮೇಲೆ ಕಪ್ಪಗೆ ಒದ್ದೆ ಚುಕ್ಕೆಗಳು ಕಂಡವು. ಮೊದಲು ಯಾವುದೋ ಕಾರಿನ ಆಯಿಲ್ ಇರಬೇಕೆಂದುಕೊಂಡೆ. ಮುಂದಿನ ಸುತ್ತಿನಲ್ಲಿ ಅವುಗಳ ಪಕ್ಕದಲ್ಲೇ ಹೊಸ ಚುಕ್ಕೆಗಳು ಬಂದವು. ನಾನು ಕೂಗಿದೆ. ಅಜ್ಜಿ ನಿಂತು, ಮರಕ್ಕೆ ಕೈಯೂರಿ ಬಲಗಾಲಿನ ಅಂಗಾಲನ್ನು ತಿರುಗಿಸಿ ನೋಡಿದಳು. ಕಸದ ತೊಟ್ಟಿಯಿಂದ ಬಿದ್ದ ಬಾಟಲಿಯ ಚೂರು ಹಿಮ್ಮಡಿಯ ಹತ್ತಿರ ಅರ್ಧ ಒಳಗೆ ಹೋಗಿತ್ತು. ಎಷ್ಟು ಸುತ್ತಿನಿಂದ ಅದರ ಮೇಲೆ ನಡೆಯುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಉಗುರಿನಿಂದ ಕಿತ್ತು ತೊಟ್ಟಿಗೆ ಎಸೆದಳು. ಉಳಿದ ಸುತ್ತುಗಳನ್ನು ಮುಗಿಸಿಯೇ ಮೇಲೆ ಬಂದು, ಗಾಯಕ್ಕೆ ಅರಿಶಿನ ಒತ್ತಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿಕೊಂಡಳು.

ಆಮೇಲೆ ನನ್ನ ಗಲ್ಲ ಹಿಡಿದು ಹೇಳಿದಳು: "ನಿಮ್ಮಮ್ಮಂಗೆ ಹೇಳ್ಬೇಡ. ಬಸುರಿ ಹೆಂಗ್ಸಿನ ಹತ್ರ ರಕ್ತದ ಮಾತು ಆಡ್ಬಾರ್ದು. ಅಳಿಯಂದ್ರಿಗೂ ಬೇಡ. ನಿಲ್ಸಿ ಅಂತಾರೆ. ಅರ್ಧಕ್ಕೆ ನಿಂತ ಹರಕೆ ಆ ಮಗೂಗೇ ಕೆಟ್ಟದ್ದು. ಆಯ್ತಾ?"

"ಓಕೆ, ಅಜ್ಜಿ," ಎಂದೆ. ನನ್ನನ್ನು ನಂಬಿ ಗುಟ್ಟು ಹೇಳಿದ ಮೊದಲನೆಯವಳು ಅವಳು. ನನಗೆ ಅವತ್ತು ಆದದ್ದು ಖುಷಿ, ಭಯವಲ್ಲ. ಇದನ್ನು ಬರೆಯುವುದಕ್ಕೆ ಕಷ್ಟವಾಗುತ್ತದೆ, ಆದರೂ ನಿಜ.

ಮರುದಿನದಿಂದ ಅಜ್ಜಿ ಮನೆಯೊಳಗೆ ಅಪ್ಪನ ಉಣ್ಣೆಯ ಕಾಲುಚೀಲ ಹಾಕಿಕೊಂಡು ಓಡಾಡತೊಡಗಿದಳು. ಜುಲೈ ತಿಂಗಳಲ್ಲಿ ಚಳಿಯೇ ಎಂದು ಅಮ್ಮ ಮಲಗಿದಲ್ಲಿಂದಲೇ ಗೇಲಿ ಮಾಡಿದಳು. "ನಿಮ್ಮೂರಿನ ಕಾರ್ಪೆಟ್ಟು ಒಗ್ಗಲ್ಲ ಕಣೆ ನಂಗೆ," ಎಂದು ಅಜ್ಜಿ ಅಷ್ಟೇ ಚುರುಕಾಗಿ ತಿರುಗಿ ಹೇಳಿದಳು. ಗಾಯ ಮಾಯಲಿಲ್ಲ. ಕೆಳಗಿಳಿದ ಮೇಲೆ ಮೆಟ್ಟಿಲ ಮರೆಯಲ್ಲಿ ಕಾಲುಚೀಲ, ಪಟ್ಟಿ ಎರಡನ್ನೂ ಬಿಚ್ಚುತ್ತಿದ್ದಳು, ಏಕೆಂದರೆ ಬರಿಗಾಲು ಎಂದರೆ ಬರಿಗಾಲು. ಮುಗಿದ ಮೇಲೆ ಹೊಸ ಪಟ್ಟಿ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ತೊಟ್ಟಿಗೆ ಹಾಕುವ ಕೆಲಸವೂ ನನ್ನ ಪಾಲಿಗೆ ಬಂತು.

ನಲವತ್ತನೆಯ ದಿನ ಬೆಳಗಿನ ಜಾವ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಒಂದು ದಿನ ಇಟ್ಟುಕೊಂಡು ನೋಡುತ್ತಾರಂತೆ ಎಂದಷ್ಟೇ ಅಜ್ಜಿಗೆ ಹೇಳಿದರು. ಅವಳು ಆ ದಿನದ ಸುತ್ತುಗಳನ್ನು ಎಂದಿಗಿಂತ ಬೇಗ ಮುಗಿಸಿದಳು. ಮರುದಿನ ಸಂಜೆ ಅಮ್ಮ ವಾಪಸು ಬಂದು, ಯಾರನ್ನೂ ನೋಡದೆ ಕೋಣೆ ಸೇರಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪ ನನ್ನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಅಜ್ಜಿಗೆ ತಿಳಿಯಬಾರದ್ದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳುತ್ತಿದ್ದುದು. ಮಗು ಇಲ್ಲ, ಹೋಯಿತು. ಅಜ್ಜಿಯ ವ್ರತ ಇನ್ನೊಂದು ವಾರದಲ್ಲಿ ಮುಗಿಯುತ್ತದೆ. ಈಗ ಹೇಳಿದರೆ ತನ್ನ ಹರಕೆಯಲ್ಲೇ ಏನೋ ಲೋಪವಾಯಿತೆಂದು ಕೊರಗಿ ಸಾಯುತ್ತಾಳೆ. ಮುಗಿಯಲಿ, ಆಮೇಲೆ ಹೇಳೋಣ. ನೀನು ದೊಡ್ಡ ಹುಡುಗಿ, ಬಾಯಿ ಬಿಡಬೇಡ.

ಅಪ್ಪನ ಕಣ್ಣು ಕೆಂಪಾಗಿದ್ದವು. ನಾನು ಅದಕ್ಕೂ ಓಕೆ ಎಂದೆ.

ಅಷ್ಟು ಚುರುಕು ಕಣ್ಣಿನ ಹೆಂಗಸಿಗೆ, ಊರಲ್ಲಿ ಎಷ್ಟೋ ಹೆರಿಗೆ ನೋಡಿದವಳಿಗೆ, ತನ್ನ ಮಗಳ ಮುಖ ನೋಡಿ ತಿಳಿಯಲಿಲ್ಲವೇ ಎಂದು ಕೇಳಿದವರಿದ್ದಾರೆ. ಅವಳು ಮಗಳ ಮುಖವನ್ನೇ ನೋಡಲಿಲ್ಲ. ಅಷ್ಟು ಹೊತ್ತಿಗೆ ಗಾಯ ವಾಸನೆ ಬರತೊಡಗಿತ್ತು. ಬಸುರಿಯ ಮೂಗಿಗೆ ಬಡಿದರೆ ಗೊತ್ತಾಗಿಬಿಡುತ್ತದೆಂದು ಅಜ್ಜಿ ಆ ಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಅಮ್ಮ ತನ್ನ ಮುಖ ತೋರಿಸಲಾರದೆ ಕೋಣೆಯಲ್ಲಿ, ಅಜ್ಜಿ ತನ್ನ ಕಾಲು ತೋರಿಸಲಾರದೆ ಅಡುಗೆಮನೆಯಲ್ಲಿ. ಊಟದ ತಟ್ಟೆ ಹಿಡಿದು ಇಬ್ಬರ ನಡುವೆ ಓಡಾಡುತ್ತಿದ್ದವಳು ನಾನು.

"ತಿಂದ್ಲಾ?" ಎಂದು ಅಜ್ಜಿ ಕೇಳುತ್ತಿದ್ದಳು.

"ತಿಂದ್ಲು," ಎನ್ನುತ್ತಿದ್ದೆ. ಅಮ್ಮ ಮುಟ್ಟದ ತಟ್ಟೆಯನ್ನು ಬಾತ್‌ರೂಮಿನಲ್ಲಿ ಚೆಲ್ಲಿ ಬಂದಿರುತ್ತಿದ್ದೆ.

ಆ ವಾರ ಅಜ್ಜಿಯ ನಡಿಗೆ ನೋಡಲಾಗುತ್ತಿರಲಿಲ್ಲ. ನೋವಿಲ್ಲ ಎನ್ನುತ್ತಿದ್ದಳು, ನಿಜಕ್ಕೂ ಇರಲಿಲ್ಲವೇನೋ. ಆದರೆ ಪಾದ ಊದಿ, ಎರಡು ಬೆರಳು ಕಪ್ಪಾಗಿದ್ದವು. ಮೈ ಸುಡುತ್ತಿತ್ತು. ನಲವತ್ತೈದನೆಯ ದಿನ ಅರವತ್ತು ಸುತ್ತಿಗೆ ಮರವನ್ನು ತಬ್ಬಿ ನಿಂತುಬಿಟ್ಟಳು. ಮತ್ತೆ ಹೊರಟಾಗ ನಾನು ಒಂದು ಸುತ್ತಿಗೆ ಎರಡು ಕಡಲೆ ಹಾಕಿದೆ. ಮೂರು ಸುತ್ತು ಹಾಗೆ ಕಳ್ಳಲೆಕ್ಕ ನಡೆಯಿತು. ನಾಲ್ಕನೆಯದಕ್ಕೆ ಅಜ್ಜಿ ಬಂದು, ಬಟ್ಟಲಿನಿಂದ ಮೂರು ಕಡಲೆ ಎತ್ತಿ ಮೊದಲಿನದಕ್ಕೆ ಹಾಕಿದಳು.

"ಹಂಗ್ ಮಾಡ್ಬಾರ್ದು ಪುಟ್ಟೀ. ನಿನ್ನ ತಮ್ಮನ ಪಾಲು ಅದು. ಕಮ್ಮಿ ಮಾಡ್ತೀಯಾ?"

ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ನನ್ನ ಕನ್ನಡ ಊಟ, ನಿದ್ದೆ, ಸ್ನಾನ, ಆಟದ ಕನ್ನಡ. ಹೊಟ್ಟೆಯೊಳಗಿನ ಮಗು ಹೋಯಿತು ಎಂಬುದನ್ನು ಅಜ್ಜಿಗೆ ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಅವಳು ತಲೆ ಆಡಿಸಿ ಮುಂದೆ ಹೋಗುತ್ತಿದ್ದಳು. ಹೀಗೆಂದು ನಾನು ದೊಡ್ಡವಳಾದ ಮೇಲೆ ಎಷ್ಟೋ ವರ್ಷ ನನಗೇ ಸಮಾಧಾನ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ. "ಅಜ್ಜಿ, ಪಾಪು ಇಲ್ಲ." ಮೂರೇ ಮಾತು. ಮೂರೂ ನನಗೆ ಬರುತ್ತಿದ್ದವು.

ನಲವತ್ತೆಂಟನೆಯ ದಿನ ಅವಳು ನೂರೆಂಟನ್ನೂ ಮುಗಿಸಿದಳು. ಮೆಟ್ಟಿಲನ್ನು ಕೂತುಕೊಂಡೇ, ಒಂದೊಂದಾಗಿ ಹಿಂದಕ್ಕೆ ಸರಿಯುತ್ತ ಹತ್ತಿದಳು. ಹತ್ತುತ್ತ, "ನೋಡು, ಹೊಸ ಆಟ" ಎಂದು ನನಗೆ ಕಣ್ಣು ಮಿಟುಕಿಸಿದಳು. ಕಡಲೆಬೇಳೆ ಪಾಯಸ ಮಾಡಿ, ಒಂದು ಲೋಟ ಹಿಡಿದು, ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ಅಮ್ಮನ ಕೋಣೆಗೆ ಹೋದಳು. "ಮುಗೀತು ಕಣೆ. ಇನ್ನು ಏನೂ ಭಯ ಇಲ್ಲ" ಎನ್ನುವುದು ನನಗೆ ಬಾಗಿಲ ಹೊರಗೆ ಕೇಳಿಸಿತು. ಅಮ್ಮ ಜೋರಾಗಿ ಅಳತೊಡಗಿದಳು. ಆಮೇಲೆ ಲೋಟ ಬಿದ್ದ ಸದ್ದು. ಒಳಗೆ ಹೋದಾಗ ಅಜ್ಜಿ ಕಾರ್ಪೆಟ್ಟಿನ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅಮ್ಮ ಅವಳ ಕಾಲುಚೀಲ ಎಳೆದು ತೆಗೆದಿದ್ದಳು.

ಆಸ್ಪತ್ರೆಯಲ್ಲಿ ಮೊದಲು ಬೆರಳುಗಳೆಂದರು. ಎರಡು ದಿನ ಬಿಟ್ಟು ಪಾದವೆಂದರು. ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಒಂದೆರಡು ವಾರ ಮೊದಲು ಬಂದಿದ್ದರೆ ಕಾಲು ಉಳಿಯುತ್ತಿತ್ತೆಂದು ಡಾಕ್ಟರು ಅಪ್ಪನಿಗೆ ಹೇಳಿದರು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಯಾರೂ ಅನುವಾದ ಮಾಡಬೇಕಾಗಿರಲಿಲ್ಲ.

ಹತ್ತು ದಿನದ ಮೇಲೆ, ಅಜ್ಜಿ ದಿಂಬಿಗೊರಗಿ ಕೂರುವಂತಾದಾಗ, ಅಮ್ಮ ಮಗುವಿನ ವಿಷಯ ಹೇಳಿದಳು. ಯಾವತ್ತು ಹೋಯಿತು ಎಂಬುದನ್ನೂ ಹೇಳಿದಳು. ಅಜ್ಜಿ ಮಗಳ ತಲೆಯನ್ನು ಎದೆಗೊತ್ತಿಕೊಂಡು, ಮಗಳು ಅತ್ತು ಮುಗಿಸುವವರೆಗೆ ಬೆನ್ನು ಸವರಿದಳು. ಅಮ್ಮ ಮುಖ ತೊಳೆಯಲು ಹೋದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ನಿಂಗೆ ಗೊತ್ತಿತ್ತಾ ಪುಟ್ಟೀ?" ಎಂದು ಕೇಳಿದಳು.

"ಹ್ಞೂಂ."

"ಕಡಲೆ ಎಣಿಸ್ತಿದ್ದಾಗ್ಲೂ?"

"ಹ್ಞೂಂ, ಅಜ್ಜಿ."

ಅವಳು ಹೊದಿಕೆಯ ಮೇಲೆ ಕೈ ಚಾಚಿ, ಕಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಇಟ್ಟಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನಲ್ಲಿಯ ಸದ್ದು ನಿಂತಿತು. ಅಮ್ಮ ಬರುವ ಮೊದಲು ಅವಸರವಾಗಿ, ಪಿಸುಮಾತಿನಲ್ಲಿ ಹೇಳಿದಳು: "ನನ್ನ ಕಾಲಿಂದು ನಿಂಗೆ ಮೊದ್ಲೇ ಗೊತ್ತಿತ್ತು ಅಂತ ನಿಮ್ಮಮ್ಮಂಗೆ ಯಾವತ್ತೂ ಹೇಳ್ಬೇಡ. ಅವ್ಳು ನಿನ್ನ ಕ್ಷಮಿಸೋದಿಲ್ಲ."

ಮನೆಗೆ ಬಂದ ಮೇಲೆ ಅಜ್ಜಿ ಕಿಟಕಿಯ ಕಡೆ ಬೆನ್ನು ಮಾಡಿ ಗಾಲಿಕುರ್ಚಿಯಲ್ಲಿ ಕೂರುತ್ತಿದ್ದಳು. ಕೂರಿಸಿದಲ್ಲಿ ಕೂತಳು, ಕೊಟ್ಟದ್ದನ್ನು ತಿಂದಳು. ಕೃತಕ ಕಾಲು ಹಾಕಿಸಿಕೊಳ್ಳಲು ಒಪ್ಪಲೇ ಇಲ್ಲ. ಕೆಳಗಿನ ಮನೆಯವನು ಎರಡು ಸಲ ನೋಡಲು ಬಂದು, ಮೂರನೆಯ ಸಲ ಬರಲಿಲ್ಲ. ಚಳಿಗಾಲದಲ್ಲಿ ಅಪ್ಪ ಅವಳನ್ನು ಊರಿಗೆ ಕರೆದುಕೊಂಡು ಹೋಗಿ ಸೋದರಮಾವನ ಮನೆಯಲ್ಲಿ ಬಿಟ್ಟು ಬಂದರು. ಒಂದೂವರೆ ವರ್ಷದಲ್ಲಿ ತೀರಿಕೊಂಡಳು. ಅಲ್ಲಿಯೂ ಯಾರ ಜೊತೆಯೂ ಹೆಚ್ಚು ಮಾತಿರಲಿಲ್ಲವಂತೆ. ಅಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ.

ಈಗ ಅಪ್ಪನೂ ಇಲ್ಲ. ಅಮ್ಮ ಅಜ್ಜಿಯ ಆಗಿನ ವಯಸ್ಸನ್ನು ದಾಟಿದ್ದಾಳೆ, ಅವಳಿಗೂ ಸಕ್ಕರೆ ಕಾಯಿಲೆ. ಆರು ತಿಂಗಳಿಗೊಮ್ಮೆ ಅವಳ ಪಾದ ಪರೀಕ್ಷೆಗೆ ಕ್ಲಿನಿಕ್ಕಿಗೆ ಕರೆದೊಯ್ಯುವವಳು ನಾನೇ. ಅಲ್ಲಿ ಡಾಕ್ಟರು ಸಣ್ಣ ತಂತಿಯಿಂದ ಅಂಗಾಲನ್ನು ಚುಚ್ಚಿ, ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ. ಗೊತ್ತಾಗುತ್ತದೆ ಎಂದು ಅಮ್ಮ ಹೇಳುತ್ತಾಳೆ. ವಾಪಸು ಬರುವಾಗ ಫ್ರೀವೇ ಹತ್ತಿದೊಡನೆ ಪ್ರತಿ ಸಲವೂ ಅದೇ ಮಾತು ತೆಗೆಯುತ್ತಾಳೆ.

"ಅಷ್ಟು ಚಿಕ್ಕ ಮನೇಲಿ ನಾವು ಮೂರು ಜನ ಇದ್ವಲ್ಲೇ. ಒಬ್ರಿಗಾದ್ರೂ ಅಮ್ಮನ ಕಾಲು ಕಣ್ಣಿಗೆ ಬೀಳ್ಬಾರ್ದಿತ್ತಾ?"

"ಹೌದಮ್ಮಾ," ಎನ್ನುತ್ತೇನೆ. "ಯಾರಿಗೂ ಕಾಣ್ಲಿಲ್ಲ."